ಚಿನ್ನದ ಲೇಪದಡಿ ರಂಧ್ರವೇ ಮುಚ್ಚಿಹೋಗುತ್ತದೆ

ಅತಿಸಣ್ಣ ರಂಧ್ರಗಳಿರುವ ಗಾಜಿನ ಬಗ್ಗೆ ನೀವು ಬರೆದ ಲೇಖನವನ್ನು ಕನ್ನಡದಲ್ಲಿ ಓದಿ ತುಂಬಾ ಖುಷಿಯಾಯಿತು. ಆದರೆ ‘ಚಿನ್ನ ಲೇಪಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟರೆ ರಂಧ್ರ ಕಾಣುತ್ತದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಿಜವಾದ ಕಷ್ಟ ಇರುವುದೇ ಅಲ್ಲಿ.

ಇಂಥ ರಂಧ್ರಗಳಿರುವ ವೈಕರ್ ಎಂಬ ಗಾಜನ್ನೇ ನೋಡಿ. 1930ರ ದಶಕದಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯಲ್ಲಿ ಹುಟ್ಟಿದ್ದು. ಸೋಡಿಯಂ ಬೋರೋಸಿಲಿಕೇಟ್ ಗಾಜನ್ನು (ಸೋಡಿಯಂ, ಬೋರಾನ್, ಸಿಲಿಕಾ ಸೇರಿದ ಗಾಜು) 500–600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಹಳ ಹೊತ್ತು ಕಾಯಿಸಿದರೆ ಅದು ಒಳಗೊಳಗೇ ಬೋರೇಟ್ (ಬೋರಾನ್ ಸಂಯುಕ್ತ) ಜಾಸ್ತಿ ಇರುವ ಭಾಗ, ಸಿಲಿಕಾ ಜಾಸ್ತಿ ಇರುವ ಭಾಗ ಎಂದು ಎರಡಾಗುತ್ತದೆ. ಬೋರೇಟ್ ಜಾಸ್ತಿ ಇರುವ ಭಾಗವನ್ನು ಆಮ್ಲ ಕರಗಿಸುತ್ತದೆ. ಉಳಿಯುವುದು ಸ್ಪಂಜಿನಂಥ ಸಿಲಿಕಾ ಜಾಲ. ರಂಧ್ರದ ಅಗಲ ಸುಮಾರು 4 ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲಿ ನಾಲ್ಕು ಭಾಗ) ಅಷ್ಟೇ. ಒಂದು ಗ್ರಾಂ ಗಾಜಿನೊಳಗೆ 100 ಚದರ ಮೀಟರಿಗೂ ಜಾಸ್ತಿ ಮೇಲ್ಮೈ ಅಡಗಿರುತ್ತದೆ, ಅದ್ಭುತ ಅಲ್ವಾ!

ಚಿನ್ನದ ಲೇಪ ನುಣುಪಾದ ಪದರವಲ್ಲ. ಕಾಳುಕಾಳಾಗಿ ಕೂರುತ್ತದೆ. ಆ ಕಾಳುಗಳೇ ಕೆಲವು ನ್ಯಾನೋಮೀಟರ್ ಇರುತ್ತವೆ. ರಂಧ್ರ ಮುಚ್ಚಿಹೋಗಿ, ಚಿನ್ನದ ಕಾಳುಗಳನ್ನೇ ಗಾಜಿನ ರಚನೆ ಅಂದುಕೊಳ್ಳುವ ಅಪಾಯವಿದೆ. ಹಾಗಂತ ಲೇಪವನ್ನೇ ಬಿಟ್ಟರೆ, ಗಾಜಿನಲ್ಲಿ ಕರೆಂಟ್ ಹರಿಯದೆ ಚಾರ್ಜ್ ಸೇರಿಕೊಂಡು ಚಿತ್ರ ಬೆಳ್ಳಗಾಗಿ ಕದಲುತ್ತದೆ. ಅದಕ್ಕೇ ಈಗ ಪ್ಲಾಟಿನಂ ಅಥವಾ ಇರಿಡಿಯಂನ ತೀರಾ ತೆಳು ಲೇಪ ಕೊಡುತ್ತಾರೆ, ಇಲ್ಲವೇ ಚಾರ್ಜ್ ಅಷ್ಟಾಗಿ ಸೇರದಂತೆ ಎಲೆಕ್ಟ್ರಾನ್‌ಗಳನ್ನು 1 ಕಿಲೋವೋಲ್ಟ್ ಆಸುಪಾಸಿನ ಕಡಿಮೆ ವೋಲ್ಟೇಜಿನಲ್ಲಿ ಹಾಯಿಸಿ ನೋಡುತ್ತಾರೆ.

ಇನ್ನೊಂದು ಮಾತು. ಈ ಗಾಜು ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ಮೊದಲು ಚೆನ್ನಾಗಿ ಒಣಗಿಸಬೇಕು. ನೋಡಬೇಕಾದದ್ದು ಹೊಸದಾಗಿ ಮುರಿದ ಮುಖವನ್ನು. ಹೊರಮೈ ನೋಡಿ ಒಳಗೂ ಹಾಗೇ ಇದೆ ಎನ್ನಲಾಗದು.

ದಯವಿಟ್ಟು ಚಿತ್ರಗಳ ಕೆಳಗೆ ಅಳತೆಗೆರೆ (ಗಾತ್ರ ತಿಳಿಸುವ ಗೆರೆ), ವೋಲ್ಟೇಜ್, ಲೇಪದ ವಿವರ ಸೇರಿಸಿ. ವಿದ್ಯಾರ್ಥಿಗಳಿಗೆ ಬಹಳ ಉಪಯೋಗವಾಗುತ್ತದೆ.