ಇಲ್ಲಿ ಓಡಬೇಡಿ, ಇದು ಪಾರ್ಕು

2024ರಲ್ಲಿ ಇಂದಿರಾನಗರದ ಒಂದು ಪಾರ್ಕಿನ ಬೋರ್ಡು ದೇಶಕ್ಕೆಲ್ಲ ಪರಿಚಯವಾಯಿತು. ಜಾಗಿಂಗ್ ಮಾಡಬಾರದು, ಬಲಕ್ಕೆ ಮಾತ್ರ ಸುತ್ತಬೇಕು ಅಂತ ಅದರಲ್ಲಿತ್ತು. ಫೋಟೋ ನೋಡಿದವರೆಲ್ಲ ಬಿದ್ದು ಬಿದ್ದು ನಕ್ಕರು. ಬೆಂಗಳೂರಿನವರು ಮಾತ್ರ ಅಷ್ಟೇನೂ ನಗಲಿಲ್ಲ. ನಮಗೆ ಇಂಥ ಬೋರ್ಡುಗಳು ಹೊಸದಲ್ಲ. ಮೊದಲು 'ಹೂ ಕೀಳಬಾರದು' ಅಂತ ಒಂದೇ ಒಂದು ಇತ್ತು. ಈಗ ಅದಕ್ಕೆ ಮಕ್ಕಳು ಮೊಮ್ಮಕ್ಕಳು ಹುಟ್ಟಿ ದೊಡ್ಡ ಸಂಸಾರವಾಗಿದೆ. ಚೆಂಡು ಆಡಬಾರದು. ಹುಲ್ಲಿನ ಮೇಲೆ ಕೂರಬಾರದು. ತಿಂಡಿ ತಿನ್ನಬಾರದು. ಬೆಂಚಿನ ಮೇಲೆ ಮಲಗಬಾರದು. ಉಸಿರಾಟದ ಬಗ್ಗೆ ಇನ್ನೂ ಯಾರೂ ಏನೂ ಬರೆಸಿಲ್ಲ, ಸದ್ಯ.

ಈ ಕಾನೂನನ್ನೆಲ್ಲ ಜಾರಿ ಮಾಡಬೇಕಾದವರು ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ ಸೆಕ್ಯುರಿಟಿಯವರು. ಕೊರಳಲ್ಲಿ ಒಂದು ವಿಷಲ್. ಪಾಪ, ಅವರ ಕಷ್ಟ ಅವರಿಗೇ ಗೊತ್ತು. ಹೂ ಕಿತ್ತರೆ ಕೈಯಲ್ಲಿ ಹೂ ಕಾಣುತ್ತದೆ, ಹಿಡಿಯಬಹುದು. ಜಾಗಿಂಗ್ ಮಾಡಿದವರನ್ನು ಹಿಡಿಯೋದು ಹೇಗೆ? ನಡಿಗೆ ಎಲ್ಲಿ ಮುಗಿದು ಓಟ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯೋದು ಹೇಗೆ?

"ಸಾರ್, ಓಡ್ಬಾರ್ದು."

"ಓಡ್ತಾ ಇಲ್ಲ ಅಣ್ಣ, ಜೋರಾಗಿ ನಡೀತಾ ಇದೀನಿ."

"ಬೆವರು ಬಂದಿದೆಯಲ್ಲ ಸಾರ್!"

ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆಂದರೆ ವೇಗದ ನಡಿಗೆ ಸ್ಪರ್ಧೆಯ ನಿಯಮ ನೋಡಬೇಕು. ನಡೆಯೋದು ಅಂದ್ರೇನು ಅಂತ ಅಳೆದು ಸುರಿದು ಬರೆದಿಟ್ಟವರು ಅವರೇ. ಎರಡೂ ಪಾದ ಒಟ್ಟಿಗೆ ನೆಲ ಬಿಟ್ಟದ್ದು ಬರಿಗಣ್ಣಿಗೆ ಕಾಣಬಾರದು. ಮುಂದಿಟ್ಟ ಕಾಲು ನೆಲ ಮುಟ್ಟಿದಾಗಿನಿಂದ ಮೈಯ ಕೆಳಗೆ ನೆಟ್ಟಗೆ ಬರುವ ತನಕ ಮಂಡಿ ಬಗ್ಗಬಾರದು. ದಾರಿಯುದ್ದಕ್ಕೂ ತೀರ್ಪುಗಾರರು ನಿಂತು ಕಾಲನ್ನೇ ದಿಟ್ಟಿಸಿ ನೋಡುತ್ತಿರುತ್ತಾರೆ. ಅನುಮಾನ ಬಂದರೆ ಹಳದಿ ಫಲಕ ತೋರಿಸುತ್ತಾರೆ. ತಪ್ಪು ಖಾತ್ರಿಯಾದರೆ ಕೆಂಪು ಕಾರ್ಡು. ನಮ್ಮ ಸೆಕ್ಯುರಿಟಿಯವರಿಗೆ ಈ ತರಬೇತಿ ಕೊಡಿಸಿ, ವಿಷಲ್ ಜೊತೆಗೆ ಎರಡು ಬಣ್ಣದ ಕಾರ್ಡನ್ನೂ ಕೊಡಬೇಕು. ಸಂಬಳ ಮಾತ್ರ ಈಗಿನಷ್ಟೇ ಇರಲಿ, ಬಡಾವಣೆಯ ನಿವಾಸಿಗಳ ಸಂಘ ಅಷ್ಟಕ್ಕೇ ಒಪ್ಪೋದು.

ಆದರೆ ಇದರಲ್ಲೊಂದು ತೊಡಕಿದೆ. ಪ್ರಿಯಾಂಕಾ ಗೋಸ್ವಾಮಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಕಿಲೋಮೀಟರ್ ನಡೆದು ಬೆಳ್ಳಿ ಗೆದ್ದರು. ಬರೀ 43 ನಿಮಿಷ 38 ಸೆಕೆಂಡಿನಲ್ಲಿ. ಅಂದರೆ ಗಂಟೆಗೆ 13 ಕಿಲೋಮೀಟರಿಗಿಂತ ಜಾಸ್ತಿ. ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ ತರಬೇತಿ ಪಡೆದವರು ಅವರು. ಒಂದು ದಿನ ನಮ್ಮ ಪಾರ್ಕಿಗೆ ಬಂದು ಅದೇ ವೇಗದಲ್ಲಿ ಸುತ್ತಿದರೆ ಬೋರ್ಡಿನ ಪ್ರಕಾರ ಒಂದು ತಪ್ಪೂ ಇಲ್ಲ, ಯಾಕಂದ್ರೆ ಅದು ನಡಿಗೆ. ಅವರ ಹಿಂದೆ ಗಂಟೆಗೆ 6 ಕಿಲೋಮೀಟರಿನಲ್ಲಿ, ಹೊಟ್ಟೆ ಕುಣಿಸಿಕೊಂಡು, ಉಸ್ಸಪ್ಪಾ ಅಂತ ಕಾಲೆತ್ತಿ ಹಾಕುವ ಎದುರುಮನೆ ರಾಯರು ಮಾತ್ರ ಅಪರಾಧಿ. ಅವರ ಮಂಡಿ ಬಗ್ಗಿದೆ.

ಓಡುವವರನ್ನು ಕಂಡರೆ ಅನುಮಾನ ಪಡೋದು ನಮ್ಮೂರಿನ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಜಾಗಿಂಗ್ ಇನ್ನೂ ಹೊಸದಾಗಿದ್ದಾಗ, 1968ರಲ್ಲಿ, ಅಮೆರಿಕದ ಗ್ರೀನ್‌ವಿಲ್‌ನಲ್ಲಿ ಓಡಲು ಹೊರಟಿದ್ದ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಅವರನ್ನೇ ಪೊಲೀಸರು ತಡೆದಿದ್ದರು. ಆಮೇಲೆ ಅಲ್ಲಿನವರಿಗೆ ರೂಢಿಯಾಯಿತು. ನಮಗೆ ಇನ್ನೂ ಟೈಮಿದೆ.

ಇನ್ನು ಬಲಕ್ಕೇ ಸುತ್ತಬೇಕೆಂಬ ನಿಯಮ. ದೇವಸ್ಥಾನದಲ್ಲಿ ಬಲಕ್ಕೆ ಸುತ್ತುತ್ತೇವೆ, ಸರಿ. ನಡುವೆ ದೇವರಿದ್ದಾನೆ. ಪಾರ್ಕಿನ ನಡುವೆ ಏನಿದೆ ಅಂತ ಕುತೂಹಲದಿಂದ ಹೋಗಿ ನೋಡಿದೆ. ನೀರು ಕಾಣದ ಒಂದು ಕಾರಂಜಿ. ಅದರ ಪಕ್ಕದಲ್ಲಿ ಕಪ್ಪು ಗ್ರಾನೈಟಿನ ಉದ್ಘಾಟನೆಯ ಕಲ್ಲು. ಅದರ ಮೇಲೆ ಸಚಿವರು, ಶಾಸಕರು, ಪಾಲಿಕೆ ಸದಸ್ಯರ ಹೆಸರುಗಳು, ಹುದ್ದೆಗೆ ತಕ್ಕಂತೆ ದಪ್ಪಗೆ, ಸಣ್ಣಗೆ. ಬೆಳಿಗ್ಗೆ ಎದ್ದು ನಾವೆಲ್ಲ ಪ್ರದಕ್ಷಿಣೆ ಹಾಕುತ್ತಿರೋದು ಈ ಕಲ್ಲಿಗೆ. ಅಪ್ರದಕ್ಷಿಣೆ ಬಂದರೆ ಅನುದಾನ ನಿಂತುಹೋದೀತು ಎಂಬ ಭಯ ಇರಬಹುದು.

ಆಟದ ಲೋಕದ ಪದ್ಧತಿ ಇದಕ್ಕೆ ಪೂರ್ತಿ ತಿರುಗಾಮುರುಗಾ. ಕಂಠೀರವ ಕ್ರೀಡಾಂಗಣಕ್ಕೆ ಹೋಗಿ ನೋಡಿ, ಟ್ರ್ಯಾಕಿನಲ್ಲಿ ಓಡುವವರೆಲ್ಲ ಎಡಕ್ಕೇ ತಿರುಗುತ್ತಾರೆ. ಒಲಿಂಪಿಕ್ಸ್‌ನಲ್ಲೂ ಅಷ್ಟೇ. ಆದರೆ 1896ರ ಅಥೆನ್ಸ್ ಕೂಟದಲ್ಲಿ ಓಟಗಾರರು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಅಂದರೆ ಬಲಕ್ಕೆ, ಓಡಿದ್ದರು. ಆಮೇಲೆ ಜಗತ್ತು ದಿಕ್ಕು ಬದಲಿಸಿತು. ಸುತ್ತೋಲೆ ನಮ್ಮ ಬಡಾವಣೆಗೆ ತಲುಪಿಲ್ಲ.

ಎಲ್ಲರೂ ಒಂದೇ ಕಡೆ ಹೋದರೆ ಡಿಕ್ಕಿ ಆಗೋದಿಲ್ಲ ಅನ್ನುತ್ತಾರೆ. ಅದು ನ್ಯಾಯವೇ. ಆದರೆ ದಾರಿಯ ಅಗಲಕ್ಕೂ ಮೂವರು ಹಿರಿಯರು ಸಾಲಾಗಿ ನಡೆಯುತ್ತಿರುತ್ತಾರೆ. ಒಬ್ಬರ ಮಗಳಿಗೆ ಗ್ರೀನ್ ಕಾರ್ಡ್ ಬಂದಿಲ್ಲ, ಇನ್ನೊಬ್ಬರ ಮನೆಯ ಬೋರ್‌ವೆಲ್ ಬತ್ತಿದೆ, ಮೂರನೆಯವರು ಎರಡಕ್ಕೂ ಪರಿಹಾರ ಹೇಳುತ್ತಿದ್ದಾರೆ. ಓಡಿ ಮುಂದೆ ಹೋಗೋಣ ಅಂದ್ರೆ ಓಡುವಂತಿಲ್ಲ. ತಿರುಗಿ ಆ ಕಡೆಯಿಂದ ಬರೋಣ ಅಂದ್ರೆ ತಿರುಗುವಂತಿಲ್ಲ. ಹೀಗಾಗಿ ಅವರ ಹಿಂದೆ ಹಿಂದೆಯೇ ನಡೆದೂ ನಡೆದೂ ಅವರ ಮನೆಯ ಕಷ್ಟವೆಲ್ಲ ನನಗೆ ಬಾಯಿಪಾಠವಾಗಿದೆ. ತೂಕ ಇಳಿದಿಲ್ಲ.

ಓಡಲೇಬೇಕೆಂಬ ಹಟ ಇದ್ದವರಿಗೆ ಸರ್ಕಾರವೇ ಒಂದು ಉಪಾಯ ಮಾಡಿಕೊಟ್ಟಿದೆ. ಅದೇ ಪಾರ್ಕಿನ ಮೂಲೆಯಲ್ಲಿ ತೆರೆದ ಜಿಮ್ ಇದೆ. ಹಳದಿ ನೀಲಿ ಬಣ್ಣದ ಕಬ್ಬಿಣದ ಯಂತ್ರಗಳು. ಒಂದರ ಮೇಲೆ ನಿಂತು ಎರಡೂ ಕಾಲನ್ನು ಹಿಂದೆ ಮುಂದೆ ಬೀಸಬಹುದು. ಕಿರ್ರೋ ಅಂತ ಸದ್ದು ಬರುತ್ತದೆ. ಇದ್ದಲ್ಲೇ ಇದ್ದುಕೊಂಡು, ಯಾವ ದಿಕ್ಕಿಗೂ ಹೋಗದೆ ಓಡಬಹುದು. ಹೀಗೆ ಜನರ ತೆರಿಗೆಯಲ್ಲಿ ಓಡುವ ಯಂತ್ರವನ್ನು ತಂದು, ಅದರ ಎದುರಿಗೇ ಓಡಬಾರದು ಅಂತ ಬೋರ್ಡು ಹಾಕಿದ ಊರು ಇನ್ನೊಂದು ಇದ್ದರೆ ತೋರಿಸಿ.

ಅದೂ ಎಂಥ ರಾಜ್ಯದಲ್ಲಿ! 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ ಕೆಸರಿನಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದರು. ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್ಸಿಗೆ ಬನ್ನಿ ಅಂತ ಕರೆದರು. ಗೌಡರು ನಯವಾಗಿ ಬೇಡ ಅಂದರು. ಒಳ್ಳೆಯದೇ ಆಯಿತು. ಬೆಂಗಳೂರಿಗೆ ಬಂದು ಯಾವುದಾದರೂ ಪಾರ್ಕಿನಲ್ಲಿ ಅಭ್ಯಾಸಕ್ಕೆ ಇಳಿದಿದ್ದರೆ ಅವರ ಮೇಲೆ ಎರಡು ಕೇಸು ಬೀಳುತ್ತಿತ್ತು. ಓಡಿದ್ದಕ್ಕೆ ಒಂದು. 'ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ' ಅಂತ ಇನ್ನೊಂದು ಬೋರ್ಡು ಇದೆಯಲ್ಲ, ಅದಕ್ಕೆ ಇನ್ನೊಂದು.

ಪಾರ್ಕು, ಮೈದಾನಗಳನ್ನು ಸೈಟು ಮಾಡುವವರಿಂದ ಉಳಿಸಲು 1985ರಲ್ಲಿ ರಾಜ್ಯದಲ್ಲಿ ಒಂದು ಕಾಯ್ದೆಯೇ ಬಂತು. ಅಷ್ಟೋ ಇಷ್ಟೋ ಜಾಗ ಉಳಿಯಿತು. ಈಗ ಉಳಿದ ಜಾಗವನ್ನು ಜನರಿಂದ ಕಾಪಾಡುವ ಕೆಲಸ ನಡೆದಿದೆ. ಬೆಳಿಗ್ಗೆ ವಾಕಿಂಗ್ ಮುಗಿದ ಕೂಡಲೇ ಬೀಗ, ಬಿಸಿಲೆಲ್ಲ ಇಳಿದ ಮೇಲೆ ಮತ್ತೆ ಬಾಗಿಲು ಅಂತ ವರ್ಷಗಟ್ಟಲೆ ನಡೆಯಿತು. ಮರದ ನೆರಳು ಬೇಕಾಗೋದೇ ಆ ನಡುವಿನ ಹೊತ್ತಿನಲ್ಲಿ, ಅಲ್ವಾ? 2024ರ ಜೂನಿನಲ್ಲಿ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದರು. ಆಗ ಕೆಲವರಿಗೆ ಆದ ಸಂಕಟ ನೋಡಬೇಕಿತ್ತು. ಕಂಡಕಂಡವರೆಲ್ಲ ಬಂದು ಕೂರುತ್ತಾರೆ ಅಂತ. ಕಂಡಕಂಡವರು ಅಂದ್ರೆ ಯಾರು? ಆಟೋ ನಿಲ್ಲಿಸಿ ಬುತ್ತಿ ಬಿಚ್ಚುವವರು. ಕಟ್ಟಡದ ಕೆಲಸದ ನಡುವೆ ಬೆನ್ನು ಚಾಚುವವರು. ಮಗುವಿಗೆ ಹಾಲು ಕುಡಿಸಲು ಜಾಗ ಹುಡುಕುವವರು. ಬೆನ್ನ ಮೇಲೆ ಚೌಕದ ಬ್ಯಾಗು ಹೊತ್ತ ಡೆಲಿವರಿ ಹುಡುಗರು.

ಈ ಹುಡುಗರ ಮೇಲೆ ಸಂಘಕ್ಕೆ ಸಿಟ್ಟು ಜಾಸ್ತಿ. ಪಾರ್ಕಿನ ಬೆಂಚಿನಲ್ಲಿ ಕೂತು ಮೊಬೈಲು ನೋಡುತ್ತಾರಂತೆ. ಅಪಾರ್ಟ್‌ಮೆಂಟಿನ ಲಿಫ್ಟು ಹತ್ತುತ್ತಾರಂತೆ. ಅದಕ್ಕೂ ಬೋರ್ಡು ಬಂದಿದೆ, ಡೆಲಿವರಿಯವರು ಮೆಟ್ಟಿಲು ಬಳಸಬೇಕು ಅಂತ. ಮೊನ್ನೆ ಪಾರ್ಕಿನಲ್ಲಿ ಒಬ್ಬರು ಪದಾಧಿಕಾರಿಗಳು ನಿಧಾನವಾಗಿ, ಬಲಕ್ಕೇ ಸುತ್ತುತ್ತಾ, ಫೋನಿನಲ್ಲಿ ಕೂಗುತ್ತಿದ್ದರು. ಮನೆಗೆ ಕೊತ್ತಂಬರಿ ಸೊಪ್ಪು ತರಿಸಿದ್ದರಂತೆ, ಹತ್ತು ನಿಮಿಷದ ಆ್ಯಪಿನಲ್ಲಿ.

"ಏನಪ್ಪಾ ನೀನು, ಹದಿಮೂರು ನಿಮಿಷ ಆಯ್ತು! ನಾಲ್ಕನೇ ಮಹಡಿ ತಾನೇ? ಸ್ವಲ್ಪ ಓಡಿ ಹತ್ತೋಕಾಗಲ್ವಾ?"