ತಣ್ಣನೆಯ ಎಂಜಿನ್ ಮುಟ್ಟಿ ನೋಡದೆ ಟ್ರ್ಯಾಕ್ಟರ್ ಕೊಳ್ಳುವುದು ಹೇಗೆ?

ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ಅಪ್ಪ ಹಳೆಯ ಟ್ರ್ಯಾಕ್ಟರ್ ನೋಡಲು ಹೊರಟರೆ, ಮೆಕ್ಯಾನಿಕ್ಕನ್ನು ಕರೆದುಕೊಂಡು ಹೊತ್ತು ಮೂಡುವ ಮೊದಲೇ ಮಾರುವವರ ಮನೆ ಮುಂದೆ ನಿಂತಿರುತ್ತಿದ್ದರು. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ ಒಂದೇ ಸಲಕ್ಕೆ ಹಿಡಿಯುತ್ತದೆಯೇ, ಹೊಗೆ ನೀಲಿಯೋ ಕಪ್ಪೋ, ಎಂಜಿನ್ ಆಯಿಲ್‌ಗೆ ನೀರು ಸೇರಿ ಹಾಲಿನಂತಾಗಿದೆಯೇ, ಇಷ್ಟನ್ನೂ ನೋಡಿದ ಮೇಲೆಯೇ ಬೆಲೆಯ ಮಾತು. ಎತ್ತಿನ ಹಲ್ಲು ನೋಡಿ, ನೊಗ ಹೂಡಿ ನಡೆಸಿ, ಆಮೇಲೆ ಹಣ ಎಣಿಸುತ್ತಿದ್ದ ಜನ ಅವರು.

ನಾನೀಗ ಅಮೆರಿಕದ ನೆಬ್ರಾಸ್ಕದಲ್ಲಿ ಎಂಟು ಎಕರೆ ನೋಡಿಕೊಂಡಿದ್ದೇನೆ. ಕಳೆದ ವರ್ಷ ಆನ್‌ಲೈನ್ ಹರಾಜಿನಲ್ಲಿ ಲೋಡರ್ (ಮುಂದೆ ಮಣ್ಣೆತ್ತುವ ಬಕೆಟ್) ಇರುವ ಹಳೆಯ ಟ್ರ್ಯಾಕ್ಟರ್ ಕೊಂಡೆ. ಹನ್ನೆರಡು ಫೋಟೊ, ಅರ್ಧ ನಿಮಿಷದ ವಿಡಿಯೊ, ‘ಚಾಲೂ ಸ್ಥಿತಿಯಲ್ಲಿದೆ’ ಎಂಬ ಒಂದು ಸಾಲು. ವಿಡಿಯೊ ಶುರುವಾಗುವಾಗಲೇ ಎಂಜಿನ್ ಓಡುತ್ತಿತ್ತು. ಲಾರಿಯಿಂದ ಇಳಿಸಿದ ಮರುದಿನ ಬೆಳಗ್ಗೆ ಅದು ಹಿಡಿಯಲೇ ಇಲ್ಲ. ಬೇಗ ಹೊತ್ತಿಕೊಳ್ಳುವ ಈಥರ್ ಸಿಂಪಡಿಸಿದ ಮೇಲಷ್ಟೇ ಕೆಮ್ಮುತ್ತ ಎದ್ದಿತು. ಲೋಡರ್ ಖಾಲಿ ಬಕೆಟ್ಟನ್ನು ಎತ್ತುತ್ತದೆ, ಮಣ್ಣು ತುಂಬಿದರೆ ಮೆಲ್ಲನೆ ಕುಸಿಯುತ್ತದೆ.

ಬಿಡ್ 8,400 ಡಾಲರ್‌ಗೆ ನಿಂತಿತ್ತು. ಕೊಳ್ಳುವವನಿಂದಲೇ ವಸೂಲು ಮಾಡುವ ಶೇ 10ರ ಕಮಿಷನ್ 840 ಡಾಲರ್, ಲಾರಿ ಬಾಡಿಗೆ ಬೇರೆ. ದೂರು ಕೊಟ್ಟಾಗ ‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತು ತೋರಿಸಿದರು. ನಾನು ಅದಕ್ಕೆ ಒಪ್ಪಿಯೇ ಬಿಡ್ ಮಾಡಿದ್ದು ನಿಜ. ಆದರೆ ದೋಷವನ್ನು ಕಂಡುಹಿಡಿಯುವ ಅವಕಾಶವನ್ನೇ ಕೊಡದೆ, ದೋಷದ ಹೊರೆಯನ್ನೆಲ್ಲ ಕೊಳ್ಳುವವನ ಮೇಲೆ ಹೊರಿಸುವುದು ನ್ಯಾಯವಲ್ಲ.

ಇದೇ ನೆಬ್ರಾಸ್ಕ 1919ರಲ್ಲಿ ಟ್ರ್ಯಾಕ್ಟರ್ ಪರೀಕ್ಷಾ ಕಾಯ್ದೆ ತಂದ ರಾಜ್ಯ. ವಿಲ್ಮಟ್ ಕ್ರೋಜಿಯರ್ ಎಂಬ ರೈತರು ಜಾಹೀರಾತು ನಂಬಿ, ಕೆಲಸಕ್ಕೆ ಬಾರದ ಟ್ರ್ಯಾಕ್ಟರ್ ಕೊಂಡು ಕೈಸುಟ್ಟುಕೊಂಡಿದ್ದರು. ಶಾಸಕರಾದ ಮೇಲೆ ಆ ಕಾಯ್ದೆಗಾಗಿ ಪಟ್ಟು ಹಿಡಿದರು. 1920ರಲ್ಲಿ ಲಿಂಕನ್ ನಗರದ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಶುರುವಾಯಿತು. ಆ ರಕ್ಷಣೆ ರೂಪುಗೊಂಡದ್ದು ಹೊಸ ಮಾದರಿಗಳಿಗಾಗಿ. ನನ್ನಂಥ ಸಣ್ಣ ರೈತ ಕೊಳ್ಳುವುದು ಹಳೆಯದನ್ನು.

ಇನ್ನೊಂದು ಸಂಕಟ, ಮಾರುವವರು ಟ್ರ್ಯಾಕ್ಟರ್ ಮೇಲೆ ಮಾಡಿರಬಹುದಾದ ಸಾಲದ್ದು. ನಮ್ಮಲ್ಲಿ ಆರ್‌.ಸಿ. ನೋಡಿದರೆ ಟ್ರ್ಯಾಕ್ಟರ್ ಮೇಲೆ ಯಾವ ಬ್ಯಾಂಕಿನ ಸಾಲವಿದೆ ಎಂಬುದು ತಿಳಿಯುತ್ತದೆ. ಇಲ್ಲಿ ಹೊಲದ ಟ್ರ್ಯಾಕ್ಟರ್‌ಗೆ ಕಾರಿಗಿರುವಂಥ ಒಡೆತನದ ಪತ್ರವಿಲ್ಲ. ಸಾಲದ ದಾಖಲೆಯನ್ನು ಸಾಲಗಾರನ ಹೆಸರಿನಲ್ಲಿ ಹುಡುಕಬೇಕು. ನಾನು ಕೊಂಡ ಹರಾಜಿನಲ್ಲಿ ಮಾರುವವರ ಹೆಸರನ್ನೇ ಹಾಕಿರಲಿಲ್ಲ.

ಊರಿನ ವ್ಯಾಪಾರವೆಲ್ಲ ಚೊಕ್ಕವೆಂದು ನಾನು ಹೇಳುವುದಿಲ್ಲ. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದಲ್ಲಾಳಿಗಳು ಕುದುರಿಸುವ ಬೆಲೆ ಪಕ್ಕದಲ್ಲಿ ನಿಂತ ರೈತನಿಗೂ ಕಾಣುತ್ತಿರಲಿಲ್ಲ. ಇಲ್ಲಿ ಪ್ರತಿ ಬಿಡ್ ಎಲ್ಲರ ಕಣ್ಣಮುಂದೆ ಏರುತ್ತದೆ. ಕೊನೆಯ ಗಳಿಗೆಯಲ್ಲಿ ಯಾರಾದರೂ ಬಿಡ್ ಮಾಡಿದರೆ ಸಮಯವೂ ಕೆಲವು ನಿಮಿಷ ಮುಂದಕ್ಕೆ ಹೋಗುತ್ತದೆ. ಇದು ಒಳ್ಳೆಯ ಪದ್ಧತಿ. ಬೆಲೆಯನ್ನು ಇಷ್ಟು ಬಯಲಿಗಿಟ್ಟವರಿಗೆ ಯಂತ್ರವನ್ನೂ ಬಯಲಿಗಿಡುವುದು ಕಷ್ಟವೇ? ತಣ್ಣನೆಯ ಎಂಜಿನ್ ಚಾಲೂ ಮಾಡುವ ವಿಡಿಯೊ, ತುಂಬಿದ ಬಕೆಟ್ ಎತ್ತಿ ಐದು ನಿಮಿಷ ಹಿಡಿದು ತೋರಿಸುವುದು, ಮಾರುವವರ ಹೆಸರು, ಬಂದು ನೋಡಲು ಒಂದು ದಿನ. ಇಷ್ಟನ್ನೇ ಕೇಳಿ ಹರಾಜು ಸಂಸ್ಥೆಗೆ ಪತ್ರ ಬರೆದಿದ್ದೇನೆ.

ಮುಂದಿನ ತಿಂಗಳು ಹುಲ್ಲು ಕಟ್ಟುವ ಬೇಲರ್ ಒಂದು ಹರಾಜಿಗೆ ಬರಲಿದೆ. ಮೂರು ಗಂಟೆಯ ದಾರಿ. ಪಕ್ಕದ ಹೊಲದ ಹಿರಿಯರು ಜೊತೆಗೆ ಬರಲು ಒಪ್ಪಿದ್ದಾರೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಡುತ್ತೇವೆ.