ಒಡೆದ ಹಾಲಿಗೊಂದು ಕಾಲ

ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಹಾಲು ಒಡೆದರೆ ವಿಚಾರಣಾ ಆಯೋಗವೇ ಕೂರುತ್ತಿತ್ತು. ಪಾತ್ರೆ ಸರಿಯಾಗಿ ತೊಳೆದಿರಲಿಲ್ವಾ? ನಿನ್ನೆಯ ಹಾಲಿಗೆ ಇವತ್ತಿನದು ಬೆರೆಸಿದ್ದು ಯಾರು? ಹಾಲಿನವನು ನೀರು ಹಾಕುವುದೇ ಆದರೆ ಒಳ್ಳೆ ನೀರಾದರೂ ಹಾಕಬಾರದಾ? ತೀರ್ಪು ಬರುವಷ್ಟರಲ್ಲಿ ಅಮ್ಮ ಅದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಬಾಣಲೆಯಲ್ಲಿ ಮಗುಚಿ, ನಮ್ಮ ಅಂಗೈಗೆ ಒಂದೊಂದು ಚಮಚ ಹಾಕಿ ಸಾಕ್ಷ್ಯ ನಾಶ ಮಾಡಿಬಿಡುತ್ತಿದ್ದಳು.

ಮೊನ್ನೆ ಅದೇ ಒಡೆದ ಹಾಲು ಬೆಂಗಳೂರಿನ ಕೆಫೆಯೊಂದರ ಮೆನುವಿನಲ್ಲಿ ಸಿಕ್ಕಿತು. ಹೆಸರು ‘ಕಾಟೇಜ್ ಚೀಸ್ ಫ್ರೂಟ್ ಬೌಲ್’. ಬೆಲೆ 420 ರೂಪಾಯಿ. ನಾನು ತಮಾಷೆಗೆ ಆರಿಸಿದ ಸಂಖ್ಯೆಯಲ್ಲ ಅದು, ಅವರೇ ಅಚ್ಚು ಹಾಕಿಸಿದ್ದರು. ತಳದಲ್ಲಿ ಬೆಳ್ಳಗೆ ಏನೋ, ಮೇಲೆ ನಾಲ್ಕು ಹೋಳು ಅನಾನಸ್, ಅರ್ಧ ಸ್ಟ್ರಾಬೆರಿ, ಮೂರು ಬ್ಲೂಬೆರಿ. ಮಗಳು ಫೋಟೋ ತೆಗೆಯುವಾಗ ಒಂದು ಬ್ಲೂಬೆರಿ ಉರುಳಿ ಮೇಜಿನ ಕೆಳಗೆ ಹೋಯಿತು. ಬಗ್ಗಿ ಹುಡುಕಿದೆ. ಮೂರರಲ್ಲಿ ಒಂದು ಹೋದರೆ ಲೆಕ್ಕದಲ್ಲಿ ಅದು ಸಣ್ಣ ನಷ್ಟವೇನಲ್ಲ.

ಕಾಟೇಜ್ ಅಂದರೆ ಗುಡಿಸಲು. ಬೆಣ್ಣೆಗೆ ಅಂತ ಕೆನೆಯೆಲ್ಲ ತೆಗೆದ ಮೇಲೆ ಉಳಿದ ತೆಳು ಹಾಲನ್ನು ಚೆಲ್ಲಲು ಮನಸ್ಸಾಗದೆ, ಪರದೇಶದ ಬಡ ರೈತರು ಗುಡಿಸಲಲ್ಲೇ ಹೆಪ್ಪು ಹಾಕಿ ಮಾಡಿಕೊಳ್ಳುತ್ತಿದ್ದ ಚೀಸು ಇದು. ಬಡವನ ಮನೆಯ ಉಳಿಕೆ. ಈಗ ಗುಡಿಸಲು ಗಾಜಿನ ಕಟ್ಟಡದ ನಾಲ್ಕನೇ ಮಹಡಿಗೆ ಬಂದಿದೆ, ಲಿಫ್ಟಿನಲ್ಲಿ.

ಇನ್ನು ಬೌಲ್ ವಿಚಾರ. ತಿಂಡಿಗೆ ಪಾತ್ರೆಯ ಹೆಸರಿಡುವುದು ನಮಗೇನೂ ಹೊಸದಲ್ಲ. ತಟ್ಟೆ ಇಡ್ಲಿ ಇದೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಮಾಡುವ ಕೊಟ್ಟೆ ಕಡುಬಿದೆ. ಆದರೆ ಅಲ್ಲಿ ತಟ್ಟೆಗೂ ಕೊಟ್ಟೆಗೂ ಒಂದು ಕೆಲಸ ಇದೆ, ಹಿಟ್ಟು ಅದರಲ್ಲೇ ಬೇಯಬೇಕು. ಬೌಲ್‌ನಲ್ಲಿ ಏನೂ ಬೇಯುವುದಿಲ್ಲ, ಗಿರಾಕಿಯೊಬ್ಬನನ್ನು ಬಿಟ್ಟು.

ಅಮೆರಿಕದಲ್ಲಿ ಈ ಚೀಸಿಗೆ ದೊಡ್ಡ ಚರಿತ್ರೆಯೇ ಇದೆ. ಮೊದಲ ಮಹಾಯುದ್ಧದ ಹೊತ್ತಿಗೆ, ಮಾಂಸ ಕಡಿಮೆ ಮಾಡಿ ಕಾಟೇಜ್ ಚೀಸ್ ಜಾಸ್ತಿ ತಿನ್ನಿ ಅಂತ ಅಲ್ಲಿನ ಸರ್ಕಾರವೇ ಪೋಸ್ಟರ್ ಅಂಟಿಸಿತ್ತು. 1970ರ ದಶಕದ ಆರಂಭದಲ್ಲಿ ಅಲ್ಲಿ ತಲೆಗೆ ವರ್ಷಕ್ಕೆ ಸುಮಾರು 5 ಪೌಂಡ್ ಖರ್ಚಾಗುತ್ತಿತ್ತು, ನಮ್ಮ ಲೆಕ್ಕದಲ್ಲಿ ಎರಡು ಕಿಲೋ ಮೇಲೆ. ಆಮೇಲೆ ಹಣ್ಣು ಬೆರೆಸಿದ ಯೋಗರ್ಟ್ ಬಂತು, ಇದು ಫ್ರಿಜ್ಜಿನ ಮೂಲೆ ಸೇರಿತು. 2023ರ ಸುಮಾರಿಗೆ ಟಿಕ್‌ಟಾಕ್‌ನವರು ಧೂಳು ಕೊಡವಿ ಮತ್ತೆ ಹೊರಗಿಟ್ಟರು. ನಮ್ಮಲ್ಲಿ ಟಿಕ್‌ಟಾಕ್ 2020ರಲ್ಲೇ ಬಂದ್ ಆಗಿತ್ತಲ್ಲ, ಆದರೂ ಅಡ್ಡಿಯಾಗಲಿಲ್ಲ. ರೀಲ್ಸ್ ಅನ್ನುವ ಹಿತ್ತಲ ಬಾಗಿಲಿನಿಂದ ಬಂತು.

ಈ ಬೌಲ್ ತಿಂದವರಲ್ಲಿ ಅತ್ಯಂತ ಪ್ರಸಿದ್ಧರು ಅಮೆರಿಕದ ಅಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್. 1974ರ ಆಗಸ್ಟ್ 8ರ ಮಧ್ಯಾಹ್ನ ಶ್ವೇತಭವನದಲ್ಲಿ ಅವರಿಗೆ ಬಡಿಸಿದ್ದು ಕಾಟೇಜ್ ಚೀಸ್, ಸುತ್ತಲೂ ಅನಾನಸ್ ಹೋಳು, ಪಕ್ಕದಲ್ಲಿ ಒಂದು ಲೋಟ ಹಾಲು. ಬೆಳ್ಳಿ ತಟ್ಟೆಯ ಫೋಟೋ ಕೂಡ ಇದೆ, ಆ ಕಾಲಕ್ಕೇ ಊಟದ ಫೋಟೋ ತೆಗೆದಿದ್ದರು ನೋಡಿ. ಅವತ್ತೇ ರಾತ್ರಿ ಟೀವಿಗೆ ಬಂದು ರಾಜೀನಾಮೆ ಘೋಷಿಸಿದರು. ಈ ತಿಂಡಿ ತಿಂದರೆ ದೊಡ್ಡ ದೊಡ್ಡ ನಿರ್ಧಾರ ತೆಗೆದುಕೊಳ್ಳುವ ಶಕ್ತಿ ಬರುತ್ತದೆ ಅಂತ ರೀಲ್ಸ್‌ನ ಹುಡುಗಿ ಹೇಳುವುದು ಸುಳ್ಳೇನಲ್ಲ.

ಕೆಫೆಯ ಬಿಲ್ ನೋಡಿದ ಮೇಲೆ ಮನೆಯಲ್ಲೇ ಮಾಡೋಣ ಅಂತ ತೀರ್ಮಾನಿಸಿದೆ. ‘ಬರೀ 5 ನಿಮಿಷ’ ಅಂತ ವಿಡಿಯೋ ಹೇಳುತ್ತಿತ್ತು. ಅಂಗಡಿಗೆ ಹೋಗಿ ಕಾಟೇಜ್ ಚೀಸ್ ಕೇಳಿದೆ.

“ಪನೀರ್ ತಾನೇ ಸಾರ್? ಎರಡೂ ಒಂದೇ.”

ಒಂದೇ ಅಲ್ಲ. ಆದರೆ ಅವನ ತಪ್ಪೂ ಅಲ್ಲ. ನಮ್ಮ ಹೋಟೆಲುಗಳು ಎಷ್ಟೋ ವರ್ಷದಿಂದ ಪನೀರನ್ನೇ ಇಂಗ್ಲಿಷ್ ಮೆನುವಿನಲ್ಲಿ ಕಾಟೇಜ್ ಚೀಸ್ ಅಂತ ಬರೆದುಕೊಂಡು ಬಂದಿವೆ. ಪನೀರ್ ಅಂದರೆ ಕಾಯಿಸಿದ ಹಾಲಿಗೆ ಹುಳಿ ಹಿಂಡಿ, ಒಡೆದದ್ದನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೆ ಭಾರ ಹೇರಿ ಒತ್ತಿದ್ದು. ಕಾಟೇಜ್ ಚೀಸಿಗೆ ಭಾರ ಹೇರುವುದಿಲ್ಲ. ಹೆಪ್ಪಾದದ್ದನ್ನು ಕತ್ತರಿಸಿ, ಬೆಚ್ಚಗೆ ಮಾಡಿ, ತೊಳೆದು, ಕೊನೆಗೆ ಚೂರು ಕೆನೆ, ಉಪ್ಪು ಬೆರೆಸುತ್ತಾರೆ. ಚಮಚದಿಂದ ಜಾರಬೇಕು ಅದು. ನಾನು ತಂದ ಪನೀರ್ ಜಾರಲಿಲ್ಲ. ಬಟ್ಟಲಲ್ಲಿ ಸೈಟಿನ ಕಲ್ಲು ನೆಟ್ಟ ಹಾಗೆ ನಾಲ್ಕು ಮೂಲೆಗೆ ನಿಂತಿತು. ನಡುವೆ ಅನಾನಸ್.

ಅಮ್ಮ ಬಂದು ನೋಡಿದಳು. “ಏನೋ ಇದು, ಒಗ್ಗರಣೆ ಹಾಕೋದು ಮರೆತೆಯಾ?”

ಎರಡನೇ ದಿನ ಬುದ್ಧಿ ಬಂತು. ಒಂದು ಲೀಟರ್ ಹಾಲು ಕಾಯಿಸಿ, ನಿಂಬೆಹುಳಿ ಹಿಂಡಿ, ಸೋಸಿ, ತೊಳೆದು, ಒತ್ತದೆ, ಎರಡು ಚಮಚ ಕೆನೆ ಬೆರೆಸಿದೆ. ಹೆಚ್ಚುಕಮ್ಮಿ ಕೆಫೆಯದರ ಹಾಗೇ ಆಯಿತು. ಬೆಳಿಗ್ಗೆ ಆತುರ ಬೇಡ ಅಂತ ಅನಾನಸ್ಸನ್ನೂ ರಾತ್ರಿಯೇ ಬೆರೆಸಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಒಂದು ಚಮಚ ಬಾಯಿಗಿಟ್ಟರೆ ಹಾಗಲಕಾಯಿಗೆ ತಮ್ಮ ಹುಟ್ಟಿದಂತಿತ್ತು. ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಅನ್ನುವ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ಕತ್ತರಿಸುತ್ತಾ ಹೋಗುತ್ತದೆ, ಆ ಚೂರುಗಳೇ ಕಹಿ. ಪ್ರೋಟೀನಿಗಾಗಿ ಮಾಡಿದ ಬೌಲ್‌ನಲ್ಲಿ ಅನಾನಸ್ ನನಗಿಂತ ಮೊದಲೇ ತಿಂಡಿ ಮುಗಿಸಿತ್ತು. ಹಣ್ಣನ್ನು ಚೆನ್ನಾಗಿ ಬಿಸಿ ಮಾಡಿಯೋ, ತಿನ್ನುವ ಹೊತ್ತಿಗೆ ಬೆರೆಸಿಯೋ ಮಾಡಬೇಕಂತೆ. ‘ಹಾಲಿಗೂ ಹುಳಿಹಣ್ಣಿಗೂ ಆಗಿಬರಲ್ಲ’ ಅಂತ ಅಮ್ಮ ಹೇಳುತ್ತಲೇ ಇದ್ದಳು. ಅಮ್ಮನಿಗೆ ರೀಲ್ಸ್ ಖಾತೆ ಇಲ್ಲ, ಹಾಗಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪ್ರೋಟೀನ್ ಅಂದೆನಲ್ಲ, ಈಗ ಪಾರ್ಕಿನಲ್ಲಿ ಜನ ಒಬ್ಬರಿಗೊಬ್ಬರು ‘ತಿಂಡಿ ಆಯ್ತಾ’ ಅಂತ ಕೇಳುವುದಿಲ್ಲ, ‘ಎಷ್ಟು ಗ್ರಾಂ ಆಯ್ತು’ ಅಂತ ಕೇಳುತ್ತಾರೆ. ಅರ್ಧ ಕಪ್ ಕಾಟೇಜ್ ಚೀಸಿನಲ್ಲಿ ಸುಮಾರು 12 ಗ್ರಾಂ ಇರುತ್ತದೆ, ಒಪ್ಪಿದೆ. 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಇದೆ. ಎಣ್ಣೆಯೂ ಇದೆ ಬಿಡಿ, ಹಿಡಿಗಿಂತ ಜಾಸ್ತಿ ತಿನ್ನಬಾರದು. ಪ್ರತಿವರ್ಷ ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ರಸ್ತೆಯುದ್ದಕ್ಕೂ ಪ್ರೋಟೀನ್ ಗುಡ್ಡೆ ಹಾಕಿ ಸೇರಿನಲ್ಲಿ ಅಳೆಯುತ್ತೇವೆ. ಅದಕ್ಕೆ ಪರಿಷೆ ಅಂತ ಹೆಸರಿಟ್ಟು ಕೆಡಿಸಿಬಿಟ್ಟೆವು. ‘ಬುಲ್ ಟೆಂಪಲ್ ಪ್ರೋಟೀನ್ ಫೆಸ್ಟ್’ ಅಂದಿದ್ದರೆ ಟಿಕೆಟ್ ಇಡಬಹುದಿತ್ತು.

ಹೆಸರಿನ ವಿಷಯದಲ್ಲಿ ನಾವು ಸುಮ್ಮನಿರುವವರೂ ಅಲ್ಲ. 2023ರ ಮಾರ್ಚ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದವರು ಮೊಸರಿನ ಪ್ಯಾಕೆಟ್ ಮೇಲೆ ‘ದಹಿ’ ಅಂತ ಬರೆಯಿರಿ, ‘ಮೊಸರು’ ಬೇಕಾದರೆ ಕಂಸದೊಳಗೆ ಇರಲಿ ಅಂದಾಗ ಕರ್ನಾಟಕ, ತಮಿಳುನಾಡು ಎರಡೂ ಸಿಡಿದೆದ್ದವು. ಕಾವೇರಿಗಾಗಿ ಜಗಳವಾಡುವ ಎರಡೂ ರಾಜ್ಯ ಒಂದೇ ಕಡೆ ನಿಂತ ಅಪರೂಪದ ವಾರ ಅದು. ತಿಂಗಳು ಮುಗಿಯುವ ಮೊದಲೇ ಪ್ರಾಧಿಕಾರ ಹಿಂದೆ ಸರಿಯಿತು, ಮೊಸರು ಕಂಸದಿಂದ ಬಿಡುಗಡೆಯಾಯಿತು. ನಾನೂ ಆಗ ವಾಟ್ಸಾಪ್ ಡಿಪಿ ಬದಲಿಸಿದ್ದೆ. ಅದೇ ನಾನು ಮೊನ್ನೆ ಕೆಫೆಯಲ್ಲಿ ಒಡೆದ ಹಾಲಿಗೆ ‘ಒನ್ ಕಾಟೇಜ್ ಚೀಸ್ ಬೌಲ್ ಪ್ಲೀಸ್’ ಅಂದೆ. ಎದುರಿಗಿದ್ದ ಹುಡುಗ ಕನ್ನಡದಲ್ಲೇ “ಸಕ್ಕರೆ ಬೇಕಾ ಅಂಕಲ್?” ಅಂತ ಕೇಳಿದ.

ಅಷ್ಟಕ್ಕೂ ಹಣ್ಣಿನ ಬಟ್ಟಲು ನಮಗೆ ಗೊತ್ತಿಲ್ಲದ್ದಾ? ಬಾಳೆಹಣ್ಣು ಹೆಚ್ಚಿ, ಕಾಯಿಹಾಲು ಹಿಂಡಿ, ಬೆಲ್ಲ, ಏಲಕ್ಕಿ, ಮೇಲೆ ಹುರಿದ ಎಳ್ಳು. ರಸಾಯನ. ಅವಲಕ್ಕಿ ನೆನೆಸಿ ಮೊಸರು ಸುರಿದು ದಾಳಿಂಬೆ ಉದುರಿಸಿದರೆ ಅದೂ ಐದೇ ನಿಮಿಷ. ಇದನ್ನು ಮಗಳಿಗೆ ಹೇಳಿದೆ. “ಗೊತ್ತಪ್ಪ, ಆದ್ರೆ ಅವಲಕ್ಕಿ ಫೋಟೋದಲ್ಲಿ ಅಳುಮುಖ ಹಾಕ್ಕೊಂಡಿರುತ್ತೆ” ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ನಿನ್ನೆ ರಾತ್ರಿ ಕರೆಂಟು ಹೋಗಿತ್ತು. ಬೆಳಿಗ್ಗೆ ಆರಕ್ಕೆ ಒಲೆಯ ಮೇಲಿಟ್ಟ ಹಾಲು ಸದ್ದಿಲ್ಲದೆ ಒಡೆಯಿತು. ಎದ್ದು ಬರುವಷ್ಟರಲ್ಲಿ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದ ಸದ್ದು. ವಿಚಾರಣೆ ಶುರುವಾಗುತ್ತದೆ ಅಂತ ಕಾದೆ. ಅಮ್ಮ ಅಡುಗೆಮನೆಯಿಂದಲೇ ಕೂಗಿದಳು:

“ಏಳ್ರೋ, ಬೆಳಿಗ್ಗೆನೇ ನಾನೂರ ಇಪ್ಪತ್ತು ರೂಪಾಯಿ ಉಳೀತು.”